ಬಾಲ್ಕನಿಯಲ್ಲೊಂದು ಬಳೆ: ಗದ್ದಲದ ನಡುವೆ ಹ್ಯಾಮ್ ರೇಡಿಯೊ ಕೇಳೋದು ಹೇಗೆ?

ಹ್ಯಾಮ್ ರೇಡಿಯೊ ಕಲಿಯೋಕೆ ಹೊರಟವರು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಇದು: "ಅಪಾರ್ಟ್‌ಮೆಂಟ್‌ನಲ್ಲಿದ್ದೀನಿ. ರೇಡಿಯೊ ಹಾಕಿದ್ರೆ ಬರೀ ಗೊರ್ ಅನ್ನುತ್ತೆ. ದೊಡ್ಡ ಆಂಟೆನಾ ಕಟ್ಲಾ?"

ಬೇಡ. ಆ ಗೊರಗೊರದಲ್ಲಿ ಹೆಚ್ಚಿನ ಪಾಲು ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳದ್ದು. ಮನೆಗೆ ಅಂಟಿಕೊಂಡಂತೆ ಉದ್ದ ತಂತಿ ಎಳೆದರೆ ಅದೂ ಜೋರಾಗುತ್ತೆ. ಮೇಲಾಗಿ, 7 ಮೆಗಾಹರ್ಟ್ಸ್‌ಗೆ ಡೈಪೋಲ್ ಅಂದ್ರೆ ಸುಮಾರು 20 ಮೀಟರ್ ತಂತಿ. ಬಾಲ್ಕನಿಯಲ್ಲಿ ಅಷ್ಟು ಜಾಗ ಎಲ್ಲಿ?

ಬರೀ ಕೇಳೋದಕ್ಕೆ ಒಂದು ಮೀಟರ್ ಅಗಲದ ಲೂಪ್, ಜೊತೆಗೊಂದು ಒಳ್ಳೆ ಪ್ರಿಆಂಪ್ಲಿಫೈಯರ್ ಸಾಕು. ಲೂಪ್ ಹಿಡಿಯೋ ಸಿಗ್ನಲ್ ಸಣ್ಣದು, ನಿಜ. ಆದ್ರೆ ಗದ್ದಲ ಅದಕ್ಕಿಂತ ಕಡಿಮೆಯಾದ್ರೆ ಮಾತು ಅರ್ಥವಾಗುತ್ತೆ.

ಲೂಪನ್ನ ಬಳೆ ಥರ ನೆಟ್ಟಗೆ ನಿಲ್ಲಿಸಿ. ಬಳೆಯ ಅಂಚಿನ ದಿಕ್ಕಿನಿಂದ ಬಂದದ್ದು ಚೆನ್ನಾಗಿ ಕೇಳುತ್ತೆ. ಬಳೆಯ ತೂತಿನ ದಿಕ್ಕಿಗೆ ಅದು ಕಿವುಡು. ಹಾಗಾಗಿ ನಿಧಾನವಾಗಿ ತಿರುಗಿಸ್ತಾ, ಗೊರಗೊರ ತಗ್ಗಿದ ಕಡೆ ನಿಲ್ಲಿಸಿ. ಆಕಾಶದಿಂದ ಓರೆಯಾಗಿ ಇಳಿಯೋ ದೂರದ ದನಿ ಅಷ್ಟಾಗಿ ಕುಗ್ಗಲ್ಲ.

ಈ ಉಪಾಯ ಒಂದು ಸಲಕ್ಕೆ ಒಂದೇ ಕಡೆಯ ಗದ್ದಲಕ್ಕೆ. ಅದಕ್ಕೇ ಮೊದಲು ನಿಮ್ಮ ಚಾರ್ಜರ್‌ಗಳನ್ನ ಒಂದೊಂದಾಗಿ ಕಿತ್ತು ನೋಡಿ. ಲೈಸೆನ್ಸ್ ಇದ್ದು ಪ್ರಸಾರ ಮಾಡೋರು ಆ ಹೊತ್ತಿಗೆ ಪ್ರಿಆಂಪ್ಲಿಫೈಯರ್‌ನ ಸಂಪರ್ಕ ತಪ್ಪಿಸಿ, ಇಲ್ದಿದ್ರೆ ಸುಟ್ಟುಹೋಗಬಹುದು.

ಇಷ್ಟೆಲ್ಲ ಯಾಕೆ? ನೆರೆ ಬಂದು ಮೊಬೈಲ್ ಟವರ್ ಸತ್ತಾಗ, ಬ್ಯಾಟರಿ ಮೇಲೆ ಮಾತಾಡೋರ ದನಿ ಕ್ಷೀಣವಾಗಿರುತ್ತೆ. ಅದನ್ನ ಕೇಳಿಸಿಕೊಳ್ಳೋಕೆ ಒಬ್ಬರಾದ್ರೂ ಬೇಕಲ್ವಾ?