ಬಾಪನ ಜೀಪು ಹೆಗ್ಗೋಡಿಗೆ ಹೋಗಿ ಬಂತು

ಘಾಟಿಯ ಕಥೆ ಇಲ್ಲದ ಬ್ಯಾರಿ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ. ಒಬ್ಬರ ಬಾಪ ಒಣಮೀನು ಮೇಲಕ್ಕೆ ಸಾಗಿಸಿದವರು, ಇನ್ನೊಬ್ಬರ ಮಾವ ಅಡಿಕೆ ಕೆಳಗೆ ಇಳಿಸಿದವರು. ಆ ಕಾಲದ ಗಾಡಿಗಳಲ್ಲಿ ಹೆಚ್ಚಿನವು ಗುಜರಿ ಸೇರಿದವು. ಉಳಿದ ಒಂದೆರಡು ತೆಂಗಿನಗರಿಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿವೆ. ಅವನ್ನು ಏನು ಮಾಡುವುದು ಎಂಬ ಪ್ರಶ್ನೆ ಈಗ ಹಲವು ಮನೆಗಳಲ್ಲಿ ಉಂಟು. ನಮ್ಮ ಗೆಳೆಯನೊಬ್ಬನ ಮನೆಯಲ್ಲಿಯೂ ಇತ್ತು.

ಅವನ ಬಾಪನದ್ದು ಮಹೀಂದ್ರದ ಎಂಎಂ 540 ಜೀಪು. ಬಾಪ ತೀರಿಕೊಂಡ ಮೇಲೆ ಅದನ್ನು ಮುಟ್ಟಿದವರಿಲ್ಲ. ಆರ್‌ಸಿಯ ಅವಧಿ ಇನ್ನು ಮೂರು ತಿಂಗಳಲ್ಲಿ ಮುಗಿಯುತ್ತದೆ. ಅಣ್ಣಂದಿರು ಗುಜರಿಯವನನ್ನು ಕರೆಸಿ, ಕಿಲೋ ಲೆಕ್ಕದಲ್ಲಿ ಮಾತೂ ಮುಗಿಸಿದ್ದರು. ದಮ್ಮಾಮಿನಲ್ಲಿದ್ದ ಇವನು ಫೋನಿನಲ್ಲಿ ಒಂದೇ ಮಾತು ಹೇಳಿದ: "ನಾನು ರಜೆಗೆ ಬರುವವರೆಗೆ ನಿಲ್ಲಿಸಿ. ಒಂದು ಸಲ ಘಾಟಿ ಹತ್ತಿ ಇಳಿದು ಬರಲಿ, ಆಮೇಲೆ ನೋಡುವ."

ಹಾಗೆ ಮಳೆ ಬಿಟ್ಟ ಮೇಲೆ ನಾವು ಏಳು ಮಂದಿ, ಮೂರು ಹಳೆಯ ಜೀಪುಗಳಲ್ಲಿ, ಸಾಗರ ತಾಲೂಕಿನ ಹೆಗ್ಗೋಡಿಗೆ ಹೊರಟದ್ದು.

ಪೆಟ್ಟಿಗೆಯಲ್ಲಿ ಬಂದ ಕಾರು

ಕಾರನ್ನು ಬಿಡಿಭಾಗಗಳಾಗಿ ತರಿಸಿ ಮನೆಯ ಶೆಡ್ಡಿನಲ್ಲೇ ಜೋಡಿಸುವ ಹುಚ್ಚು ಇಂಗ್ಲೆಂಡಿನಲ್ಲಿ ಹಳೆಯದು. ಅದಕ್ಕೆ ಕಿಟ್ ಕಾರು ಎಂದು ಹೆಸರು. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪೆನಿ 'ಲೋಟಸ್ ಸೆವೆನ್' ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಂದಿತು. ಮಾಡಿಲ್ಲ, ಬಾಗಿಲೆಂದರೆ ಹೆಸರಿಗೆ ಮಾತ್ರ, ತೂಕ ಸುಮಾರು ಐನೂರು ಕಿಲೋ. ಪೂರ್ತಿ ಕಾರು ಕೊಂಡರೆ ಆಗ ಅಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗ ಕೊಂಡು ಸ್ವತಃ ಜೋಡಿಸಿದರೆ ಇರಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿಯಲು ಗೊತ್ತಿದ್ದ ಹುಡುಗರಿಗೆ ಅಷ್ಟು ಸಾಕಾಯಿತು. 1973ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಲಾಭ ಹೋಯಿತು. ಅದೇ ವರ್ಷ ಕೇಟರ್ಹ್ಯಾಮ್ ಎಂಬವರು ಆ ಕಾರಿನ ಹಕ್ಕು ಕೊಂಡುಕೊಂಡರು. ಇಂದಿಗೂ ಅದೇ ಅಚ್ಚಿನ ಕಾರು ಅವರಲ್ಲಿ ಸಿಗುತ್ತದೆ. ಐದಾರು ಗೆಳೆಯರು ಇಂಥ ಕಾರುಗಳನ್ನು ಸಾಲಾಗಿ ಓಡಿಸಿಕೊಂಡು ಗುಡ್ಡಬೆಟ್ಟ ಸುತ್ತುವುದು ಅಲ್ಲಿಯವರಿಗೆ ಪ್ರಿಯವಾದ ರಜೆ.

ನಮ್ಮಲ್ಲೂ ಚಿಂಕಾರಾ ಎಂಬ ಕಂಪೆನಿ ಅದೇ ಮಾದರಿಯ ರೋಡ್‌ಸ್ಟರ್ ಕಾರು ತಯಾರಿಸಿತ್ತು. ಅದರೊಳಗೆ ಇದ್ದದ್ದು ಇಸುಝು 1.8 ಲೀಟರ್ ಎಂಜಿನ್. ನಮ್ಮ ಅಂಬಾಸಿಡರ್ ಕಾರಿಗೂ ಬಂದದ್ದು ಅದೇ.

ಆದರೆ ನಮ್ಮ ಊರಿನ ಮಟ್ಟಿಗೆ ಬಿಡಿಭಾಗದ ಗಾಡಿ ಎಂದರೆ ಜೀಪು. ಅದರ ಹುಟ್ಟಿನಲ್ಲೇ ಒಂದು ಕಥೆ ಉಂಟು. 1945ರಲ್ಲಿ ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆ ಕಟ್ಟಿದ ಕಂಪೆನಿಯ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್'. ದೇಶ ವಿಭಜನೆಯಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಅಮೆರಿಕದ ವಿಲ್ಲೀಸ್ ಜೀಪುಗಳು ಬಿಡಿ ಬಿಡಿಯಾಗಿ ಹಡಗಿನಲ್ಲಿ ಬಂದು ಮುಂಬೈಯಲ್ಲಿ ಜೋಡಣೆಯಾಗತೊಡಗಿದವು. ಮಲೆನಾಡಿನ ಕೆಸರು ರಸ್ತೆಯಲ್ಲಿ ನಾವು ಕಂಡ ಜೀಪುಗಳೆಲ್ಲ ಆ ಪೆಟ್ಟಿಗೆಗಳ ಸಂತಾನ.

ಶೆಡ್ಡಿನಲ್ಲಿ ಮೂರು ತಿಂಗಳು

ಗೆಳೆಯನ ಜೀಪನ್ನು ನಾವು ಪೂರ್ತಿ ಬಿಚ್ಚಿದೆವು. ಬ್ರೇಕ್ ಡ್ರಮ್ ತುಕ್ಕು, ರೇಡಿಯೇಟರ್ ತೂತು, ಪ್ಲೇಟು ಎರಡು ಕಡೆ ಮುರಿದಿತ್ತು, ಸೀಟಿನೊಳಗೆ ಇಲಿ ಸಂಸಾರ. ಎಂಜಿನ್ ಮಾತ್ರ ಗಟ್ಟಿ. ಆ ಕಾಲದ ಪ್ಯೂಜೋ ಡೀಸೆಲ್ ಎಂಜಿನ್ ಹಾಗೆಯೇ, ಶಬ್ದ ಜಾಸ್ತಿ, ಹಟ ಕಡಿಮೆ. ಅವನು ದಮ್ಮಾಮಿನಿಂದ ಹಣ ಕಳಿಸಿದ, ನಾವು ಇಲ್ಲಿಂದ ಫೋಟೋ ಕಳಿಸಿದೆವು. ಪ್ರತಿ ಭಾನುವಾರ ಒಂದೊಂದು ಭಾಗ. ಬೇಕಾದ ಸಾಮಾನಿನಲ್ಲಿ ಅರ್ಧ ಗುಜರಿಯಲ್ಲೇ ಸಿಕ್ಕಿತು.

ಗುಂಪಿನ ಸಣ್ಣವನಿಗೆ ಬೇರೆ ಆಸೆ. "ಕಾಕಾ, ಚಾಸಿ ಕತ್ತರಿಸಿ ಗಿಡ್ಡ ಮಾಡುವ. ದೊಡ್ಡ ಟಯರು ಹಾಕಿ ಎತ್ತರಿಸುವ. ಬೇರೆ ಎಂಜಿನ್ ಇಳಿಸುವ. ಸ್ಪೋರ್ಟ್ಸ್ ಕಾರಿನ ಹಾಗೆ ಹಾರ್ತದೆ!"

ಮೆಕ್ಯಾನಿಕ್ ಕಾಕ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಹಾರ್ತದೆ ಮಾರಾಯ. ಇಳಿಯುವುದು ಎಲ್ಲಿ ಅಂತ ಗೊತ್ತುಂಟಾ?"

ಅವರ ಮಾತು ತಮಾಷೆಯಲ್ಲ. ಕಂಪೆನಿ ಕೊಟ್ಟ ರೂಪವನ್ನು ಮಾಲೀಕ ತನಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಬಣ್ಣ ಬದಲಿಸುವಂಥ ಸಣ್ಣ ಬದಲಾವಣೆ ಬೇರೆ, ಚಾಸಿ ಮತ್ತು ಬಾಡಿಯ ಮೂಲ ರಚನೆಯನ್ನು ಬದಲಿಸುವುದು ಬೇರೆ. ಎಂಜಿನ್ ಬದಲಿಸಬೇಕಾದರೂ ಆರ್‌ಟಿಒ ಅನುಮತಿ ಬೇಕು. ದಂಡ ಕಟ್ಟಿದರೆ ಮುಗಿಯಿತು ಎಂದು ನಮ್ಮ ಹುಡುಗರು ಎಣಿಸುತ್ತಾರೆ. ಮುಗಿಯುವುದಿಲ್ಲ. ಆರ್‌ಸಿಯಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಆಗಿದ್ದರೆ, ನಾಳೆ ಏನಾದರೂ ಆದಾಗ ಇನ್ಶೂರೆನ್ಸಿನವರು ಕ್ಲೇಮ್ ತಳ್ಳಲು ಅದೇ ಕಾರಣ ಸಾಕಾಗಬಹುದು. ಆಗ ಕೋರ್ಟು ಅಲೆಯುವುದು ಮನೆಯವರು.

ಆದ್ದರಿಂದ ಬಾಪನ ಜೀಪು ಬಾಪನ ಜೀಪಾಗಿಯೇ ಉಳಿಯಿತು. ಅದೇ ಅಳತೆಯ ಟಯರು, ಅದೇ ಟಾರ್ಪಾಲು ಹುಡ್, ಅದೇ ಹಸಿರು ಬಣ್ಣ. ಹೊಸದು ಎಂದರೆ ಬ್ರೇಕು, ಲೈಟು, ವೈಪರು ಮತ್ತು ಸೀಟ್ ಬೆಲ್ಟು.

ಬಾಳೆಬರೆ ಏರಿ ನಗರಕ್ಕೆ

ಸುಬಹಿ ಮುಗಿಸಿ ಮಂಗಳೂರು ಬಿಟ್ಟೆವು. ಉಡುಪಿ, ಕುಂದಾಪುರ ದಾಟಿ ಬಲಕ್ಕೆ ಸಿದ್ದಾಪುರ, ಹೊಸಂಗಡಿ. ಅಲ್ಲಿಂದ ಮೇಲೆ ಬಾಳೆಬರೆ ಘಾಟಿ. ಹುಲಿಕಲ್ ಘಾಟಿ ಎಂದರೂ ಅದೇ. ಆಗುಂಬೆಯ ಹಾಗೆ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ಲೂ ಒಂದು. ಮಳೆ ಬಿಟ್ಟು ವಾರಗಳಾದರೂ ಬಂಡೆಯ ಮೈಯಲ್ಲಿ ನೀರು ಜಿನುಗುತ್ತಿತ್ತು, ಮರದ ಕಾಂಡಕ್ಕೆಲ್ಲ ಪಾಚಿಯ ಹಸಿರು ಅಂಗಿ.

ಹೊಸ ಕಾರಿನಲ್ಲಿ ಎ.ಸಿ. ಹಾಕಿ ಗ್ಲಾಸು ಏರಿಸಿ ಇದೇ ದಾರಿಯಲ್ಲಿ ನಾವು ಎಷ್ಟೋ ಸಲ ಹೋದದ್ದುಂಟು. ಜೀಪಿನಲ್ಲಿ ಎರಡನೇ ಗಿಯರಿನಲ್ಲಿ ಏರುವಾಗ ಕಾಡಿನ ವಾಸನೆ ಒಳಗೇ ಬಂದು ಕೂರುತ್ತದೆ. ಜೀರುಂಡೆಯ ಸದ್ದು ಎಂಜಿನ್ ಸದ್ದಿಗೆ ಪೈಪೋಟಿ ಕೊಡುತ್ತದೆ. ತಿರುವಿನಲ್ಲಿ ಬಸ್ಸು ಬಂದರೆ ಡ್ರೈವರ್ ಮುಖ ನೋಡಿ ನಗುವಷ್ಟು ಸಮಯ ಸಿಗುತ್ತದೆ.

ಘಾಟಿಯ ನಿಯಮಗಳನ್ನು ಕಾಕ ಸಣ್ಣವನಿಗೆ ಅಲ್ಲೇ ಕಲಿಸಿದರು. ಏರುವ ಗಾಡಿಗೆ ಮೊದಲ ದಾರಿ, ಇಳಿಯುವವ ನಿಂತು ಬಿಡಬೇಕು. ಇದು ಮರ್ಯಾದೆಯ ಮಾತು ಮಾತ್ರವಲ್ಲ, ರಸ್ತೆ ನಿಯಮವೂ ಹೌದು. ಏರಿದ ಗಿಯರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಟ್ಟರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಒತ್ತಿ ಒತ್ತಿ ಡ್ರಮ್ ಕಾದರೆ ಬ್ರೇಕು ಹಿಡಿಯುವುದೇ ಇಲ್ಲ. ಎಂಜಿನ್ ಬಿಸಿಯಾದರೆ ನಿಲ್ಲಿಸಿ, ಆದರೆ ರೇಡಿಯೇಟರ್ ಮುಚ್ಚಳ ಕೂಡಲೇ ತೆಗೆಯಬಾರದು, ಕುದಿನೀರು ಮುಖಕ್ಕೆ ಹಾರುತ್ತದೆ. ಬಾಪನ ಜೀಪು ಅರ್ಧ ಘಾಟಿಯಲ್ಲಿ ಒಮ್ಮೆ ಬಿಸಿಯಾಯಿತು. ಅರ್ಧ ಗಂಟೆ ಕಾದೆವು. ಗೆಳೆಯನ ಉಮ್ಮ ಕಟ್ಟಿಕೊಟ್ಟ ಅಕ್ಕಿ ರೊಟ್ಟಿ, ಕೋಳಿ ಸುಕ್ಕ ಖಾಲಿಯಾಗುವ ಹೊತ್ತಿಗೆ ಜೀಪಿನ ಕೋಪವೂ ಇಳಿದಿತ್ತು.

ಮಾಸ್ತಿಕಟ್ಟೆ ದಾಟಿದರೆ ನಗರ. ಕೆಳದಿ ಅರಸರು ಕೆಳದಿ, ಇಕ್ಕೇರಿಗಳ ನಂತರ ರಾಜಧಾನಿ ಮಾಡಿಕೊಂಡ ಬಿದನೂರು ಇದೇ. 1763ರಲ್ಲಿ ಹೈದರ್ ಅಲಿ ರಾಣಿ ವೀರಮ್ಮಾಜಿಯಿಂದ ಇದನ್ನು ಗೆದ್ದು ಹೈದರನಗರ ಎಂದು ಕರೆದ. ಹೈದರನ ಹೆಸರು ಉದುರಿ 'ನಗರ' ಮಾತ್ರ ಉಳಿಯಿತು. ಕೋಟೆಯ ಮೇಲೆ ನಿಂತರೆ ಕೆಳಗೆ ಕೆರೆ, ಸುತ್ತ ಕಾಡು. ಈ ನಾಡಿನ ಅಕ್ಕಿ, ಮೆಣಸು ಘಾಟಿ ಇಳಿದು ಬಸರೂರಿನಂಥ ಬಂದರುಗಳಿಗೆ ಹೋಗುತ್ತಿತ್ತು. ಎತ್ತಿನ ಹೇರು ಇಳಿದ ಘಾಟಿಗಳಲ್ಲೇ ಆಮೇಲೆ ನಮ್ಮ ಬಾಪಂದಿರ ಲಾರಿ, ಜೀಪು ಓಡಿದ್ದು.

ಜೋಡಿಸಿ, ಬಿಚ್ಚಿ, ಮುಂದಿನ ಊರಿಗೆ

ಹೊಸನಗರ ದಾಟಿ ಅಸರಿನ ಹೊತ್ತಿಗೆ ಹೆಗ್ಗೋಡು ಮುಟ್ಟಿದೆವು. ಸಾಗರ ಪೇಟೆಯಿಂದ ಹತ್ತು ಕಿಲೋಮೀಟರಿನೊಳಗಿನ ಅಡಿಕೆ ತೋಟಗಳ ಹಳ್ಳಿ. ಇಲ್ಲಿಯ ನೀನಾಸಂ 1949ರಲ್ಲಿ ಶುರುವಾದ ಹಳ್ಳಿಯ ನಾಟಕ ಸಂಘ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಲ್ಲಿ ನಾಟಕ ಶಾಲೆ ಆರಂಭವಾಯಿತು, 1985ರಲ್ಲಿ 'ತಿರುಗಾಟ' ಹೊರಟಿತು.

ತಿರುಗಾಟ ಎಂದರೆ ಹೆಸರೇ ಹೇಳುವ ಹಾಗೆ ಊರೂರು ತಿರುಗುವ ನಾಟಕ ತಂಡ. ನಟರು, ರಂಗಸಜ್ಜಿಕೆ, ದೀಪ, ಬಟ್ಟೆ ಎಲ್ಲವೂ ಗಾಡಿಯಲ್ಲಿ. ಒಂದು ಊರಿಗೆ ಮುಟ್ಟಿದ ಮೇಲೆ ತಂಡದವರೇ ಇಳಿಸಬೇಕು, ಜೋಡಿಸಬೇಕು, ರಾತ್ರಿ ನಾಟಕ ಆಡಬೇಕು, ಬಿಚ್ಚಿ ಗಾಡಿಗೆ ತುಂಬಬೇಕು. ರಾಜನ ಪಾತ್ರದವನಿಗೂ ಹಗ್ಗ ಎಳೆಯುವ ಕೆಲಸ ಉಂಟು. ಇದನ್ನು ಕೇಳಿ ನಮ್ಮ ಸಣ್ಣವ ಹೇಳಿದ, "ಇವರದ್ದೂ ನಮ್ಮ ಶೆಡ್ಡಿನ ಕೆಲಸವೇ ಅಲ್ವಾ ಕಾಕಾ!" ಹೌದು ಅನಿಸಿತು. ಯಾವ ತುಂಡು ಎಲ್ಲಿಗೆ ಸೇರುತ್ತದೆ ಎಂದು ತಂಡದ ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ಇಷ್ಟು ವರ್ಷ ಓಡಿದೆ. ಗೊತ್ತಿರುವವ ಒಬ್ಬನೇ ಆದರೆ, ಅವನು ಹೋದ ದಿನ ಎಲ್ಲವೂ ಟಾರ್ಪಾಲಿನ ಅಡಿಗೆ.

ಹತ್ತಿರದ ಭೀಮನಕೋಣೆಯಲ್ಲಿ 'ಚರಕ' ಎಂಬ ಮಹಿಳೆಯರ ಸಹಕಾರ ಸಂಘ ಕೈಮಗ್ಗದ ಬಟ್ಟೆ ಮಾಡುತ್ತದೆ. ಬಣ್ಣವೆಲ್ಲ ನೈಸರ್ಗಿಕ, ಅಡಿಕೆ ಬೇಯಿಸಿದ ಚೊಗರಿನಿಂದಲೂ ಬಣ್ಣ ತೆಗೆಯುತ್ತಾರೆ. ಅಡಿಕೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಮಾತ್ರ ನೋಡಿದ ನಮಗೆ ಅದು ಹೊಸತು. ಮನೆಯ ಹೆಂಗಸರಿಗೆಂದು ಬಟ್ಟೆ, ಜೊತೆಗೆ ಸಾಗರದ ಪೇಟೆಯಲ್ಲಿ ತೊಡೆದೇವು, ಅಪ್ಪೆಮಿಡಿ ಉಪ್ಪಿನಕಾಯಿ ಕೊಂಡೆವು. ರಾತ್ರಿ ಸಾಗರದಲ್ಲೇ ಉಳಿದೆವು. ಘಾಟಿಯನ್ನು ಕತ್ತಲೆಯಲ್ಲಿ ಇಳಿಯುವುದಿಲ್ಲ ಎಂದು ಹೊರಡುವ ಮೊದಲೇ ಉಮ್ಮಂದಿರಿಗೆ ಮಾತು ಕೊಟ್ಟಿದ್ದೆವು.

ನೀರಿನ ಮೇಲಿನ ಹೊಸ ದಾರಿ

ಮರುದಿನ ಇಳಿದದ್ದು ಬೇರೆ ದಾರಿಯಲ್ಲಿ. ಸಾಗರದಿಂದ ಅಂಬಾರಗೋಡ್ಲು, ಅಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಹೊಸ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆಯಾದ ಇದರ ಉದ್ದ 2.44 ಕಿಲೋಮೀಟರ್. ಅತ್ತ ದಡ ಕಳಸವಳ್ಳಿ, ಮುಂದೆ ಸಿಗಂದೂರು, ತುಮರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರುಗಳು ಮುಳುಗಿದವು, ಉಳಿದ ಊರುಗಳು ದ್ವೀಪದಂತಾದವು. ಅಲ್ಲಿಂದ ಈಚೆಗೆ ಆಸ್ಪತ್ರೆ, ಕಾಲೇಜು, ಸಂತೆ ಎಂದು ಸಾಗರಕ್ಕೆ ಬರಲು ಲಾಂಚಿಗೆ ಕಾಯಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ಸುತ್ತಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂದು ಯೋಚಿಸಿದರೆ ಸಾಕು. ನಾಡಿಗೆ ಬೆಳಕು ಕೊಟ್ಟವರಿಗೆ ಒಂದು ದಾರಿ ಸಿಗಲು ಅರವತ್ತು ವರ್ಷ ಬೇಕಾಯಿತು.

ಸೇತುವೆ ದಾಟಿದ ಮೇಲೆ ಗೆಳೆಯ ಜೀಪು ಬದಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. "ಬಾಪ ಈ ಲಾಂಚಿನಲ್ಲಿ ಜೀಪು ದಾಟಿಸಿದ ಕಥೆ ಹೇಳ್ತಿದ್ರು. ಹಿಮ್ಮುಖವಾಗಿ ಹತ್ತಿಸಬೇಕಿತ್ತಂತೆ" ಎಂದ. ಅಷ್ಟೇ ಹೇಳಿದ್ದು.

ನಾಗೋಡಿ ಘಾಟಿ ಇಳಿದು ಕೊಲ್ಲೂರಿಗೆ ಬಂದರೆ ಅಲ್ಲಿ ಜೀಪುಗಳ ಸಾಲು. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವ ಜೀಪುಗಳು. ಕಲ್ಲು, ಗುಂಡಿಯ ಆ ದಾರಿಯಲ್ಲಿ ದಿನಾ ಏರಿ ಇಳಿಯುವ ಆ ಡ್ರೈವರುಗಳಿಗೆ ಬಿಡಿಭಾಗ ಬದಲಿಸುವುದು ಊಟ ಮಾಡಿದಷ್ಟೇ ಸಹಜ. ಒಬ್ಬರು ಬಾಪನ ಜೀಪಿನ ಬಾನೆಟ್ ಎತ್ತಿ ನೋಡಿ, ಕಿವಿಗೊಟ್ಟು ಎಂಜಿನ್ ಕೇಳಿ, ಫ್ಯಾನ್ ಬೆಲ್ಟು ಸ್ವಲ್ಪ ಬಿಗಿ ಮಾಡಿಕೊಟ್ಟರು. "ಇನ್ನೂ ಹತ್ತು ವರ್ಷಕ್ಕೆ ಚಿಂತೆ ಇಲ್ಲ ಬ್ಯಾರಿಗಳೇ, ಕೊಡುದಾದ್ರೆ ನಂಗೇ ಕೊಡಿ" ಎಂದರು. ಗೆಳೆಯ ನಗುತ್ತಾ ಕೀಲಿಕೈ ಜೇಬಿಗೆ ಹಾಕಿಕೊಂಡ.

ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷದ ನಂತರ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿ ಫಿಟ್‌ನೆಸ್ ತೋರಿಸಬೇಕು, ಶುಲ್ಕ ಕಟ್ಟಬೇಕು. ಅದೆಲ್ಲ ಖರ್ಚಿನ ಬಾಬ್ತೇ. ಎಲ್ಲ ಹಳೆಯ ಗಾಡಿಯನ್ನೂ ಉಳಿಸಲು ಆಗುವುದಿಲ್ಲ, ಉಳಿಸಬೇಕಾಗಿಯೂ ಇಲ್ಲ. ಆದರೆ ಗುಜರಿಗೆ ಹಾಕುವ ಮೊದಲು ಮನೆಯ ಮಕ್ಕಳ ಕೈಗೆ ಒಮ್ಮೆ ಸ್ಪ್ಯಾನರ್ ಕೊಟ್ಟು ನೋಡಿ. ಬ್ರೇಕನ್ನು ಸ್ವತಃ ಬಿಚ್ಚಿ ಜೋಡಿಸಿದ ಹುಡುಗ ಘಾಟಿಯಲ್ಲಿ ಅದನ್ನು ನಂಬಿ ಹಾರಿಸುವುದಿಲ್ಲ. ಅದರ ಮಿತಿ ಅವನಿಗೆ ಗೊತ್ತಿರುತ್ತದೆ. ಮೋಡಿಫಿಕೇಶನ್ ಹುಚ್ಚಿಗೆ ಬೈಗುಳಕ್ಕಿಂತ ಇದು ಒಳ್ಳೆಯ ಮದ್ದು.

ಗೆಳೆಯನ ಉಮ್ಮನನ್ನು ಅಣ್ಣಂದಿರು ಕೇಳಿದರಂತೆ, ಇದನ್ನು ಏನು ಮಾಡುವುದು ಎಂದು. "ಇವನನ್ನು ಹೆರಲಿಕ್ಕೆ ನಾನು ಆಸ್ಪತ್ರೆಗೆ ಹೋದದ್ದು ಇದರಲ್ಲೇ. ಕೊಡುವ ಮಾತು ನಾನಿರುವವರೆಗೆ ಬೇಡ" ಎಂದರಂತೆ ಅವರು. ಗುಜರಿಯವನಿಗೆ ಫೋನು ಹೋಯಿತು. ಗೆಳೆಯ ದಮ್ಮಾಮಿಗೆ ಮರಳಿದ್ದಾನೆ. ಫಿಟ್‌ನೆಸ್‌ಗೆ ಜೀಪು ಒಯ್ಯುವ ಕೆಲಸ ಈಗ ಸಣ್ಣವನದ್ದು. ಕಾಗದಪತ್ರವನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿ ಇಟ್ಟುಕೊಂಡಿದ್ದಾನೆ.