ಗುಲಾಬಿ ಬ್ಲೂಬೆರಿಗೆ ಹುಳಿ ಮಣ್ಣು

ಅಂಗಳದ ಅಂದಕ್ಕೆಂದು ನೆಟ್ಟ ಗಿಡವೇ ಬುಟ್ಟಿ ತುಂಬ ಹಣ್ಣನ್ನೂ ಕೊಡುವುದು ಅಪರೂಪ. ಅಮೆರಿಕದ ಮನೆತೋಟಗಳಲ್ಲಿ ಬೆಳೆಯುವ ‘ಪಿಂಕ್ ಲೆಮನೇಡ್’ ಎಂಬ ಬ್ಲೂಬೆರಿ ಅಂಥದ್ದು. ನಾಲ್ಕೈದು ಅಡಿಯ ಪೊದೆ. ವಸಂತದಲ್ಲಿ ಬಾಯಿ ಕೆಳಗಾದ ಗಡಿಗೆಯಾಕಾರದ ಹೂಗೊಂಚಲು. ಬೇಸಿಗೆಯಲ್ಲಿ ಹಸಿರಿನಿಂದ ಮಂಕು ಬಿಳುಪಿಗೆ, ಅಲ್ಲಿಂದ ಕಡು ಗುಲಾಬಿಗೆ ತಿರುಗುವ ಹಣ್ಣು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಕಾಣುವ ವಾರಗಳೇ ಇದರ ನಿಜವಾದ ಹಬ್ಬ. ಎಲೆ ಉದುರುವ ಮುನ್ನ ಇಡೀ ಪೊದೆ ಹೊನ್ನು, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಈ ತಳಿ ನ್ಯೂಜೆರ್ಸಿಯ ಚಾಟ್ಸ್‌ವರ್ತ್‌ನಲ್ಲಿ 1990ರ ದಶಕದಲ್ಲಿ ಆಯ್ಕೆಯಾಯಿತು. ಆಯ್ದವರು ಅಮೆರಿಕದ ಕೃಷಿ ಇಲಾಖೆಯ ತಳಿವಿಜ್ಞಾನಿ ಮಾರ್ಕ್ ಎಲೆನ್‌ಫೆಲ್ಟ್. ಅಮೆರಿಕದ ಆಗ್ನೇಯ ಭಾಗದ ‘ರ‍್ಯಾಬಿಟ್‌ಐ’ ಬ್ಲೂಬೆರಿಯ ರಕ್ತ ಇದರಲ್ಲಿದೆ.

ಹಣ್ಣು ಗುಲಾಬಿಯಾದದ್ದು ಹೇಗೆ? ಅದನ್ನು ತಿಳಿಯಲು ಮಾಮೂಲಿ ಬ್ಲೂಬೆರಿಯೊಂದನ್ನು ಬೆರಳಿನಿಂದ ಉಜ್ಜಿ ನೋಡಬೇಕು. ಮೇಲಿನ ಬೂದುಪುಡಿ ಅಳಿಸಿದರೆ ಕೆಳಗಿರುವುದು ನೀಲಿಯಲ್ಲ, ಕಪ್ಪು ಬೆರೆತ ಕೆಂಪು. ಸಿಪ್ಪೆಯಲ್ಲಿ ಆಂಥೊಸಯನಿನ್ ಎಂಬ ಬಣ್ಣದ್ರವ್ಯ ದಟ್ಟವಾಗಿ ತುಂಬಿರುತ್ತದೆ. ಅದರ ಮೇಲೆ ತೆಳ್ಳನೆಯ ಮೇಣದ ಲೇಪ. ಆ ಮೇಣದ ಅತಿಸೂಕ್ಷ್ಮ ಹರಳುಗಳು ಅಡ್ಡಾದಿಡ್ಡಿಯಾಗಿ ಜೋಡಿಸಿಕೊಂಡಿದ್ದು, ನೀಲಿ ಮತ್ತು ಅತಿನೇರಳೆ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2024ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟಿತು. ಮೇಣದ ಹಿಂದೆ ಕಪ್ಪು ಹಿನ್ನೆಲೆ ಇದ್ದಾಗಲೇ ಈ ನೀಲಿ ಕಣ್ಣಿಗೆ ಹೊಡೆಯುತ್ತದೆ. ಪಿಂಕ್ ಲೆಮನೇಡ್‌ನ ಸಿಪ್ಪೆಯಲ್ಲಿ ಆಂಥೊಸಯನಿನ್ ತೀರಾ ಕಡಿಮೆ, ಹೀಗಾಗಿ ಆ ಕಪ್ಪು ಹಿನ್ನೆಲೆಯೇ ಇಲ್ಲ. ಇರುವಷ್ಟು ಬಣ್ಣ ಗುಲಾಬಿಯಾಗಿ ತೋರುತ್ತದೆ.

ಅಂದ ಹೊಸದಾದರೂ ಗಿಡದ ಸ್ವಭಾವ ಹಳೆಯ ಕಾಡಿನದೇ. ಇದನ್ನು ಮರೆತವರ ಅಂಗಳದಲ್ಲಿ ಬ್ಲೂಬೆರಿ ಎಲೆ ಹಳದಿಯಾಗಿ ಸೊರಗುತ್ತದೆ. ಮಾವು, ಸೇಬಿನಂತೆ ಸಾವಿರಾರು ವರ್ಷ ಮನುಷ್ಯರ ಆರೈಕೆಯಲ್ಲಿ ಬೆಳೆದ ಬೆಳೆ ಇದಲ್ಲ. ಕಾಡು ಬಿಟ್ಟು ತೋಟಕ್ಕೆ ಬಂದು ಇನ್ನೂ ನೂರು ಚಿಲ್ಲರೆ ವರ್ಷವಾಗಿದೆ, ಅಷ್ಟೆ. 1910ರಲ್ಲಿ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ತಮ್ಮ ಪ್ರಯೋಗಗಳನ್ನು ಪ್ರಕಟಿಸಿ, ಈ ಗಿಡಕ್ಕೆ ಹುಳಿ ಮಣ್ಣೇ ಬೇಕು ಎಂದರು. ಫಲವತ್ತಾದ ತೋಟದ ಮಣ್ಣಿನಲ್ಲಿ ಅದು ಬಡವಾಗುವುದನ್ನು ಕಂಡಿದ್ದರು. ನ್ಯೂಜೆರ್ಸಿಯ ಮರಳುನೆಲದ ಪೈನ್ ಕಾಡಿನ ಅಂಚಿನಲ್ಲಿ ಕ್ರ್ಯಾನ್‌ಬೆರಿ ಬೆಳೆಯುತ್ತಿದ್ದ ಮನೆತನದ ಎಲಿಜಬೆತ್ ವೈಟ್ ಅದನ್ನು ಓದಿ ಅವರಿಗೆ ಪತ್ರ ಬರೆದರು. ಕಾಡು ಬಲ್ಲ ಸ್ಥಳೀಯರ ಕೈಗೆ ತೂತಿನ ಅಳತೆಪಟ್ಟಿ ಕೊಟ್ಟು, ದೊಡ್ಡ ಹಣ್ಣಿನ ಪೊದೆ ತೋರಿಸಿದವರಿಗೆ ಹಣ ಕೊಟ್ಟರು. ಹುಡುಕಿದವರ ಹೆಸರನ್ನೇ ಪೊದೆಗೂ ಇಟ್ಟರು. ಹಾಗೆ ಸಿಕ್ಕ ‘ರೂಬೆಲ್’ ಇಂದಿಗೂ ಬೆಳೆಯಲ್ಲಿದೆ. ಮೊದಲ ವಾಣಿಜ್ಯ ಫಸಲು ಮಾರುಕಟ್ಟೆಗೆ ಹೋದದ್ದು 1916ರಲ್ಲಿ. ವಿಜ್ಞಾನಿಯ ಪ್ರಯೋಗ, ರೈತ ಮಹಿಳೆಯ ಛಲ, ಕಾಡಿನವರ ಕಣ್ಣು ಈ ಮೂರೂ ಕೂಡಿ ಒಂದು ಬೆಳೆ ಹುಟ್ಟಿದ ಕಥೆ ಇದು. ನನಗೆ ಇದರಷ್ಟು ಇಷ್ಟವಾದ ಬೆಳೆಯ ಚರಿತ್ರೆ ಇನ್ನೊಂದಿಲ್ಲ.

ಹುಳಿ ಏಕೆ ಬೇಕು? ಉತ್ತರ ಬೇರಿನಲ್ಲಿದೆ. ಬಹುತೇಕ ಗಿಡಗಳ ಬೇರಿಗೆ ನೀರು, ಪೋಷಕಾಂಶ ಹೀರುವ ಸೂಕ್ಷ್ಮ ರೋಮಗಳಿರುತ್ತವೆ. ಬ್ಲೂಬೆರಿಗೆ ಅವಿಲ್ಲ. ನೂಲಿಗಿಂತ ತೆಳ್ಳಗಿನ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿಕೊಂಡು, ಒಂದು ಬಗೆಯ ಶಿಲೀಂಧ್ರದೊಡನೆ ಕೂಡುಬಾಳ್ವೆ ನಡೆಸುತ್ತವೆ. ಹುಳಿಯಾದ ಬಡ ಮಣ್ಣಿನ ಕೊಳೆತ ಎಲೆಗಳಿಂದ ಸಾರಜನಕವನ್ನು ಬಿಡಿಸಿ ಗಿಡಕ್ಕೆ ದಾಟಿಸುವುದು ಆ ಶಿಲೀಂಧ್ರ. ಮಣ್ಣಿನ ಪಿಎಚ್ 4.5ರಿಂದ 5.5ರ ನಡುವೆ ಇದ್ದರೆ ಗಿಡ ಸುಖವಾಗಿರುತ್ತದೆ. ಪಿಎಚ್ ಒಂದು ಅಂಕಿ ಏರಿದರೆ ಹುಳಿ ಹತ್ತು ಪಟ್ಟು ಇಳಿದಂತೆ. ಅಂದರೆ 5ಕ್ಕೂ 7ಕ್ಕೂ ನೂರು ಪಟ್ಟು ಅಂತರ. ಪಿಎಚ್ ಏರಿದಾಗ ಮಣ್ಣಿನ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ಬೇರಿಗೆ ದಕ್ಕುವುದಿಲ್ಲ. ಆಗ ಚಿಗುರೆಲೆಯ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಗೊಬ್ಬರ ಸಾಲದು ಎಂದು ಇನ್ನಷ್ಟು ಸುರಿದರೆ ಕಾಯಿಲೆ ಹೆಚ್ಚುತ್ತದೆಯೇ ಹೊರತು ವಾಸಿಯಾಗದು.

ಹುಳಿ ಸಾಲದ ಮಣ್ಣಿಗೆ ಗಂಧಕದ ಪುಡಿ ಬೆರೆಸಿದರೆ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಗಂಧಕಾಮ್ಲವಾಗಿಸುತ್ತವೆ. ಇದು ತಿಂಗಳುಗಟ್ಟಲೆಯ ಕೆಲಸ. ಆದ್ದರಿಂದ ನಾಟಿಗೆ ಹಲವು ತಿಂಗಳು ಮೊದಲೇ, ಮಣ್ಣು ಪರೀಕ್ಷೆ ಮಾಡಿಸಿ ಬೆರೆಸಬೇಕು. ಬುಡಕ್ಕೆ ಪೈನ್ ತೊಗಟೆಯ ಹೊದಿಕೆ ಹಾಸಿದರೆ ಮೇಲುಬೇರು ಒಣಗುವುದಿಲ್ಲ. ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ, ಕಡಿಮೆ ಪ್ರಮಾಣದಲ್ಲಿ ಕೊಡಬೇಕು. ನೈಟ್ರೇಟ್ ಈ ಗಿಡಕ್ಕೆ ಅಷ್ಟಾಗಿ ಒಗ್ಗದು. ಒಲೆಬೂದಿ, ಸುಣ್ಣ ಎರಡನ್ನೂ ಹತ್ತಿರ ತರಬಾರದು.

ಹೂವಿನಲ್ಲೂ ಕಾಡಿನ ಗುರುತಿದೆ. ಪರಾಗ ಇರುವುದು ತುದಿಯಲ್ಲಿ ಸಣ್ಣ ರಂಧ್ರವಿರುವ ಕೊಳವೆಗಳೊಳಗೆ. ಬಂಬಲ್‌ಬೀ ಎಂಬ ದುಂಬಿ ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸುವಂತೆ ಅದುರಿಸಿದಾಗ ಪರಾಗ ಉದುರುತ್ತದೆ. ಸಾಕು ಜೇನುನೊಣಕ್ಕೆ ಈ ವಿದ್ಯೆ ಬಾರದು. ನಮ್ಮ ಬದನೆ, ಟೊಮೆಟೊ ಹೂವುಗಳೂ ಇಂಥ ಅದುರುವಿಕೆಗೇ ಪರಾಗ ಬಿಡುತ್ತವೆ. ಹೂವಿನ ಕಾಲದಲ್ಲಿ ಕೀಟನಾಶಕ ಸಿಂಪಡಿಸದಿರುವುದೇ ಮೊದಲ ಆರೈಕೆ. ಪಕ್ಕದಲ್ಲಿ ಇನ್ನೊಂದು ತಳಿಯ ಬ್ಲೂಬೆರಿ ಇದ್ದರೆ ಫಸಲೂ ಹೆಚ್ಚು.

ಅಲಂಕಾರದ ಬೇಲಿಯೆಂದು ಚಳಿಗಾಲದಲ್ಲಿ ತುದಿಗಳನ್ನು ಸಮನಾಗಿ ಕತ್ತರಿಸುವವರಿದ್ದಾರೆ. ಮುಂದಿನ ವರ್ಷದ ಹೂಮೊಗ್ಗುಗಳು ಹಿಂದಿನ ಬೇಸಿಗೆಯ ಕೊನೆಗೇ ರೆಂಬೆಗಳ ತುದಿಯಲ್ಲಿ ಕೂತಿರುತ್ತವೆ. ತುದಿ ಹೋದರೆ ಹೂವೂ ಹೋಯಿತು, ಹಣ್ಣೂ ಹೋಯಿತು. ಮುದಿಯಾದ ಒಂದೆರಡು ಕೊಂಬೆಯನ್ನು ಬುಡದಿಂದಲೇ ತೆಗೆಯುವುದು ಸರಿಯಾದ ಕ್ರಮ.

ಬೆಂಗಳೂರಿನ ತಾರಸಿಯಲ್ಲಿ ಪಿಂಕ್ ಲೆಮನೇಡ್ ಬೆಳೆಯಬಹುದೇ? ಕಷ್ಟ. ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಾತ್ರ ಇದರ ಮೊಗ್ಗು ಸರಿಯಾಗಿ ಒಡೆಯುತ್ತದೆ. ಜೊತೆಗೆ ಕೊಳವೆಬಾವಿಯ ಗಡಸು ನೀರು ಮಣ್ಣಿನ ಹುಳಿಯನ್ನು ದಿನದಿನಕ್ಕೂ ಕೊಲ್ಲುತ್ತದೆ. ಹಾಗೆಂದು ಇದರ ಕುಲ ನಮಗೆ ದೂರದ್ದಲ್ಲ. ನೀಲಗಿರಿಯ ಶೋಲಾ ಕಾಡಿನಲ್ಲಿ ಇದೇ ವ್ಯಾಕ್ಸಿನಿಯಂ ಕುಲದ ಮರಗಳು ತಾವಾಗಿ ಬೆಳೆದಿವೆ. ಆಸೆಯಿದ್ದವರು ಕಡಿಮೆ ಚಳಿ ಸಾಕೆನ್ನುವ ‘ಬಿಲಾಕ್ಸಿ’ಯಂಥ ನೀಲಿ ಹಣ್ಣಿನ ತಳಿಯನ್ನು ದೊಡ್ಡ ಕುಂಡದಲ್ಲಿ ನೆಟ್ಟು, ಹಿಡಿದಿಟ್ಟ ಮಳೆನೀರನ್ನೇ ಹಾಕಿ ಬೆಳೆಸಬಹುದು.