ಯುದ್ಧಕಾಲದ ತೆರಿಗೆ ಕ್ರಮಗಳು ಮತ್ತು ಮುಂಗಡ ತೆರಿಗೆ

ಯುದ್ಧ ಆರಂಭವಾದೊಡನೆ ಸರ್ಕಾರದ ವೆಚ್ಚ ಹೆಚ್ಚುತ್ತದೆ. ಆದರೆ ಹಿಂದಿನ ಪದ್ಧತಿಯಲ್ಲಿ ವ್ಯಾಪಾರಿಗಳ ಆದಾಯ ತೆರಿಗೆಯು ವರ್ಷ ಮುಗಿದು, ತೆರಿಗೆ ನಿರ್ಧರಣೆಯಾದ ನಂತರವೇ ಖಜಾನೆಗೆ ಸೇರುತ್ತಿತ್ತು. ಎರಡನೇ ಮಹಾಯುದ್ಧದ ಅವಧಿಯಲ್ಲಿ ಬ್ರಿಟಿಷ್ ಭಾರತದಲ್ಲಿ ಕೈಗೊಂಡ ಎರಡು ಮುಖ್ಯ ಕ್ರಮಗಳು ಇಂತಿವೆ:

1. ಅಧಿಕ ಲಾಭ ತೆರಿಗೆ (1940): ನಿಗದಿತ ಮಟ್ಟವನ್ನು ಮೀರಿದ ವ್ಯಾಪಾರ ಲಾಭದ ಮೇಲೆ ಮೊದಲು ಶೇ. 50ರಷ್ಟು, ನಂತರ ಮೂರನೇ ಎರಡು ಭಾಗದಷ್ಟು ತೆರಿಗೆ ವಿಧಿಸಲಾಯಿತು. 1946ರಲ್ಲಿ ಇದನ್ನು ಕೈಬಿಡಲಾಯಿತು.

2. ಮುಂಗಡ ತೆರಿಗೆ (1944): ಆದಾಯ ಗಳಿಸುವ ವರ್ಷದಲ್ಲಿಯೇ ಕಂತುಗಳಲ್ಲಿ ತೆರಿಗೆ ಪಾವತಿಸುವ ಪದ್ಧತಿ ಜಾರಿಗೆ ಬಂದಿತು. ಯುದ್ಧ ಮುಗಿದ ನಂತರವೂ ಇದು ಮುಂದುವರಿಯಿತು.

ವಳಕಮದಿನ್ನಿ ಗ್ರಾಮವಿರುವ ರಾಯಚೂರು ಜಿಲ್ಲೆಯು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ಕಾಯಿದೆಗಳು ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಕೇಂದ್ರದ ಆದಾಯ ತೆರಿಗೆ ಕಾಯಿದೆಯನ್ನು 1950ರ ಏಪ್ರಿಲ್ 1ರಿಂದ ಈ ಪ್ರದೇಶಕ್ಕೆ ವಿಸ್ತರಿಸಲಾಯಿತು. ಹೀಗೆ ಯುದ್ಧಕಾಲದ ಪದ್ಧತಿಯು ಯುದ್ಧಾನಂತರ ಈ ಭಾಗಕ್ಕೆ ಬಂದಿತು.

ಇಂದಿಗೂ ವರ್ಷದ ತೆರಿಗೆ ಬಾಧ್ಯತೆಯು, ಮೂಲದಲ್ಲಿ ಕಡಿತವಾದ ಮೊತ್ತವನ್ನು ಕಳೆದು, ರೂ. 10,000 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಮುಂಗಡ ತೆರಿಗೆ ಪಾವತಿಸತಕ್ಕದ್ದು. ಸಾಮಾನ್ಯವಾಗಿ ಕಂತುಗಳ ಕೊನೆಯ ದಿನಾಂಕಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳ 15. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ, 60 ವರ್ಷ ತುಂಬಿದ ನಿವಾಸಿ ನಾಗರಿಕರಿಗೆ ವಿನಾಯಿತಿ ಇದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇರುವುದಿಲ್ಲ. ಆದರೆ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ದಲಾಲಿ ಮುಂತಾದವುಗಳ ಆದಾಯವು ತೆರಿಗೆಗೆ ಒಳಪಡುತ್ತದೆ. ಕಂತು ತಪ್ಪಿದಲ್ಲಿ ಬಡ್ಡಿ ತೆರಬೇಕಾಗುವುದರಿಂದ ಸಾರ್ವಜನಿಕರು ವರ್ಷಾಂತ್ಯದವರೆಗೆ ಕಾಯದೆ ಸಕಾಲದಲ್ಲಿ ಪಾವತಿಸುವುದು ಸೂಕ್ತ.